ಇನ್ನೊಂದು ಹಗೇವು

ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಕಾಲುವೆಯ ನೀರು ನಮ್ಮ ಓಣಿಯೊಳಕ್ಕೆ ಬಂತು. ಅಪ್ಪ ಗೊಬ್ಬರ ತರಲೆಂದು ಶಹಾಪುರಕ್ಕೆ ಹೋಗಿದ್ದ, ಮೂರೂವರೆಯ ಬಸ್ಸಿಗೆ ಬಂದಿಳಿಯಬೇಕಿತ್ತು. ನಾನು ಬಿ.ಎ. ಪಾಸಾದೆನೆಂದು ಅವನೇ ಕೊಡಿಸಿದ್ದ ಕೈಗಡಿಯಾರವನ್ನು ನೋಡುತ್ತ ಬಾಗಿಲಲ್ಲಿ ನಿಂತಿದ್ದೆ. ಹಾಗಾಗಿ ಆ ಹೊತ್ತು ಮರೆತಿಲ್ಲ. ಮರೆಯಬೇಕೆಂದರೂ ಆಗಿಲ್ಲ.

ಭಾದ್ರಪದದ ಮಳೆ. ಹಿಡಿದದ್ದು ವಾರದಿಂದ ಬಿಟ್ಟಿರಲಿಲ್ಲ. ಊರ ಮೇಲ್ಗಡೆಯ ಉಪಕಾಲುವೆಯ ತೂಬಿಗೆ ಜಾಲಿಯ ಕಂಟಿಗಳು ಬಂದು ಸಿಕ್ಕಿಕೊಂಡಿದ್ದವು. ನೀರು ಒಡ್ಡು ಏರಿ ಹರಿದು ತಗ್ಗಿನಲ್ಲಿದ್ದ ನಮ್ಮ ಓಣಿಯ ದಾರಿ ಹಿಡಿದಿತ್ತು. ಇಂಥ ನೀರು ಭೋರ್ಗರೆದು ಬರುತ್ತದೆ ಎಂದು ನಾನು ತಿಳಿದಿದ್ದೆ. ಅದು ಬಂದದ್ದು ಪರಿಚಯದವರ ಮನೆಗೆ ಬರುವಂತೆ, ಮೆಲ್ಲಗೆ. ಭತ್ತದ ಹುಲ್ಲು, ಯಾರದೋ ಒಂಟಿ ಚಪ್ಪಲಿ, ಮುರಿದ ಕಸಬರಿಗೆ ತೇಲಿಸಿಕೊಂಡು ತಲೆಬಾಗಿಲ ಹೊಸ್ತಿಲು ದಾಟಿ ಅಂಗಳಕ್ಕಿಳಿಯಿತು.

ಪಕ್ಕದ ಮನೆಯ ಕಾಕಿ ತನ್ನ ಗೋಡೆಯ ಮೇಲಿಂದ ಇಣುಕಿ ನೋಡಿದಳು. ಅವಳ ಗಂಡನ ಹೊಲ ಕಾಲುವೆಯ ಕೊನೆಯಲ್ಲಿತ್ತು, ಅಲ್ಲಿಗೆ ನೀರು ತಲುಪಿದ್ದೇ ಅಪರೂಪ. "ಅಯ್ಯ, ನಮ್ಮ ಹೊಲಕ್ಕ ಬಾ ಅಂತ ಕೈ ಮುಗುದು ಕರದ್ರ ಬರಲಿಲ್ಲ. ನಿಮ್ಮನಿಗೆ ತಾನೇ ನಡಕೊಂಡ ಬಂದದ ನೋಡು ಕೆನಾಲ! ಒಳಗ ಕರದು ಛಾ ಕೊಡ್ರಿ" ಎಂದಳು. ನಾವೆಲ್ಲ ನಕ್ಕೆವು. ಅವ್ವನೂ ನಕ್ಕಳು. ಆ ನಗೆ ನನಗೆ ಇವತ್ತೂ ಬೇಕು.

ನಾವೇನು ತಯಾರಿಲ್ಲದೆ ಕೂತಿರಲಿಲ್ಲ. ಜೋಳದ ಚೀಲಗಳನ್ನು ಕಲ್ಲಿನ ಮೇಲೆ ಏರಿಸಿದ್ದೆವು. ಕಡ್ಡಿಪೆಟ್ಟಿಗೆ, ಉಪ್ಪು ಒಂದು ಡಬ್ಬಿಯಲ್ಲಿ ತೊಲೆಗೆ ತೂಗುತ್ತಿದ್ದವು. ಕಂದೀಲಿಗೆ ಎಣ್ಣೆ ತುಂಬಿತ್ತು. ಮಾಳಿಗೆ ಸೋರುವ ಕಡೆ ಬೆಳಿಗ್ಗೆಯೇ ಅಪ್ಪ ಮಣ್ಣು ಹಾಕಿ ತುಳಿದು ಹೋಗಿದ್ದ. ನಿಚ್ಚಣಿಕೆ ಇನ್ನೂ ಅಂಗಳದಲ್ಲೇ ಬಿದ್ದಿತ್ತು. ನಮ್ಮ ಕಣ್ಣೆಲ್ಲ ಮೇಲೆ ಇತ್ತು, ಮಾಳಿಗೆಯ ಮೇಲೆ, ಮೋಡದ ಮೇಲೆ. ಕಾಲ ಕೆಳಗಿನ ನೆಲದ ಬಗ್ಗೆ ಯಾರಾದರೂ ಯಾಕೆ ಯೋಚಿಸುತ್ತಾರೆ?

ನೀರು ಮೊಳಕಾಲಿಗೆ ಬಂದಾಗ ಅವ್ವ ಎಮ್ಮೆಯನ್ನು ಬಿಚ್ಚಿ ಎತ್ತರದ ಕಟ್ಟೆಗೆ ತರಲು ಹೋದಳು. ಹಗ್ಗ ಬಿಚ್ಚಿ, ತುದಿಯನ್ನು ಮುಂಗೈಗೆ ಸುತ್ತಿಕೊಂಡು, ಎಮ್ಮೆಯನ್ನು ಬೈಯುತ್ತ ಅಂಗಳದ ನಡುವೆ ಬಂದಳು. ಒಂದು ಹೆಜ್ಜೆ ಇಟ್ಟಳು. ಆಮೇಲೆ ಅವ್ವ ಇರಲಿಲ್ಲ. ನೀರಿನ ಮೇಲೆ ಒಂದು ಸುಳಿ, ಬಿಗಿಯಾದ ಹಗ್ಗ, ಹೆದರಿ ಹಿಂದಕ್ಕೆ ಜಗ್ಗುತ್ತಿದ್ದ ಎಮ್ಮೆ, ಅಷ್ಟೇ ಇದ್ದವು. ಆಮೇಲೆ ಅವಳ ತಲೆ ಮೇಲೆ ಬಂತು. ಬಾಯಿ ತೆರೆದಿತ್ತು, ಸದ್ದು ಬರಲಿಲ್ಲ.

ನಾನು ಓಡಿದೆ. ಹಿಂದಿನಿಂದ ಆಯಿ, ಅಂದರೆ ಅಪ್ಪನ ತಾಯಿ, ನನ್ನ ಜಡೆ ಹಿಡಿದು ಜಗ್ಗಿದಳು.

"ಹೋಗಬ್ಯಾಡ! ದಂಡಿ ಕುಸೀತದ! ಹಗೇವ ಅದ ಅದು, ಹಗೇವ!"

ನಮ್ಮ ಅಂಗಳದಲ್ಲಿ ಹಗೇವು ಇದೆ ಎಂದು ನನಗೆ ಗೊತ್ತಾದದ್ದು ಆಗ. ಹಗೇವು ಅಂದರೆ ನೆಲದೊಳಗಿನ ಜೋಳದ ಗುಂಡಿ. ಬಾಯಿ ಕಿರಿದು, ಹೊಟ್ಟೆ ಅಗಲ, ಆಳಿಗಿಂತ ಹೆಚ್ಚು ಆಳ. ಒಳಗೆ ಹೊಟ್ಟು, ಕಣಿಕೆ ಹಾಸಿ ಜೋಳ ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿ ಸಾರಿಸಿಬಿಟ್ಟರೆ ಮೇಲೆ ಗುರುತೇ ಇರುವುದಿಲ್ಲ. ಬರ ಬಂದರೆ ಇರಲಿ ಎಂದು ನಮ್ಮ ಕಡೆಯ ಮನೆಮನೆಯಲ್ಲಿ ಇಟ್ಟುಕೊಂಡಿದ್ದ ಭರವಸೆ ಅದು. ಕಾಲುವೆ ಬಂದ ಮೇಲೆ ಅದಕ್ಕೆ ಕೆಲಸವಿರಲಿಲ್ಲ. ನೆಲದಡಿಯ ತೇವ ವರ್ಷ ವರ್ಷ ಮೇಲೇರಿ ಅದರ ಕುತ್ತಿಗೆಯ ಮಣ್ಣನ್ನು ಮೆತ್ತಗೆ ಮಾಡುತ್ತ ಬಂದಿತ್ತು.

"ಹಗ್ಗ ಬಿಡಬ್ಯಾಡವ್ವ!" ಆಯಿ ಕೂಗುತ್ತಿದ್ದಳು. "ಎಮ್ಮಿ ಹಿಡದದ ನಿನ್ನ, ನೀ ಬಿಡಬ್ಯಾಡ!"

ನೀರಲ್ಲಿದ್ದ ನಿಚ್ಚಣಿಕೆಯನ್ನು ತಂದು ಗುಂಡಿಯ ಮೇಲೆ ಅಡ್ಡ ಹಾಕಿದೆವು. ಅಷ್ಟರಲ್ಲಿ ಕಾಕಿ ಗೋಡೆ ಹಾರಿದ್ದಳು. ಆ ಗಾತ್ರದ ಹೆಂಗಸು ಆ ಗೋಡೆ ಹೇಗೆ ಹಾರಿದಳೋ! "ಕಾಕಿ, ಈ ತುದಿಗೆ ಕೂಡು!" ಎಂದು ಕಿರುಚಿದೆ. "ಕುಂತೀನವ್ವ, ಕುಂತೀನಿ. ಇಷ್ಟ ದಿನ ನನ್ನ ಮೈ ನೋಡಿ ಆಡಕೋತಿದ್ರಿ, ಈಗ ಬೇಕಾತು" ಎನ್ನುತ್ತ ಕೂತಳು. ಹಾಗೆನ್ನುವಾಗ ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಇನ್ನೊಂದು ತುದಿಗೆ ಆಯಿ ಕೂತಳು. ನಾನು ಮೆಟ್ಟಿಲುಗಳ ಮೇಲೆ ಬೋರಲು ಮಲಗಿ ಕೈ ಚಾಚಿದೆ. ಕೈಗೆ ಮೊದಲು ಸಿಕ್ಕಿದ್ದು ಕೂದಲು, ಆಮೇಲೆ ಕುಪ್ಪಸದ ತೋಳು, ಆಮೇಲೆ ಅವ್ವ.

ಕಟ್ಟೆಯ ಮೇಲೆ ಕೂರಿಸಿದಾಗ ಅವಳು ಕೆಸರು ಉಗುಳಿ ಮೊದಲು ಹೇಳಿದ ಮಾತು, "ಎಮ್ಮಿ ಕಟ್ರಿ."

ಅಪ್ಪ ಮನೆ ಸೇರಿದ್ದು ರಾತ್ರಿ, ನೀರು ಇಳಿದದ್ದು ಮರುದಿನ. ಆ ಒಂದು ಹೆಜ್ಜೆ ಮಾತ್ರ ನನ್ನೊಳಗೆ ಇಳಿದಿಲ್ಲ. ಈಗ ನಾನು ಶಹಾಪುರದಲ್ಲಿ ಸಿಮೆಂಟಿನ ಮನೆಯಲ್ಲಿದ್ದೇನೆ, ಹೈಸ್ಕೂಲಿನಲ್ಲಿ ಪಾಠ ಹೇಳುತ್ತೇನೆ. ಕರಿಹಲಗೆಯ ಮುಂದೆ ನಿಂತಿದ್ದಾಗ, ಸಂತೆಯಲ್ಲಿ ಬದನೆಕಾಯಿ ಆರಿಸುವಾಗ, ಅವ್ವ ಹೆಜ್ಜೆ ಎತ್ತುತ್ತಾಳೆ. ಬೇಡ, ಅಲ್ಲಿ ಬೇಡ, ಬಾವಿಯ ಕಡೆಯಿಂದ ಬಾ ಎಂದು ನಾನು ಒಳಗೇ ಕೂಗುತ್ತೇನೆ. ಅವಳು ಎಮ್ಮೆಯನ್ನು ಬೈಯುತ್ತ ಅಲ್ಲೇ ಬರುತ್ತಾಳೆ.

ಬಿದ್ದ ಮೇಲೆ ಅವ್ವನಿಗೆ ಗಾಯವೇನೂ ಇರಲಿಲ್ಲ, ಹಗ್ಗ ಸುತ್ತಿದ್ದ ಮುಂಗೈ ಬಿಟ್ಟರೆ. ಕೆಟ್ಟದ್ದು ನಡಿಗೆ. ಅದಕ್ಕೆ ಮೊದಲು ಅವಳು ನಡೆಯುತ್ತಿದ್ದುದನ್ನು ನೋಡಬೇಕಿತ್ತು. ತಲೆಯ ಮೇಲೊಂದು ಕೊಡ, ಬಗಲಲ್ಲೊಂದು, ಬಾಯಲ್ಲಿ ಯಾರಿಗೋ ಉತ್ತರ. ನೆಲ ನೋಡುತ್ತಲೇ ಇರಲಿಲ್ಲ. ಓಣಿಯಲ್ಲಿ ಅವಳ ಹಿಮ್ಮಡಿಯ ಸದ್ದು ಕೇಳಿಯೇ ನಾನು ಒಲೆಗೆ ಕಟ್ಟಿಗೆ ಒತ್ತುತ್ತಿದ್ದೆ. ಈಗ ಪ್ರತಿ ಹೆಜ್ಜೆಗೂ ಮುಂಗಾಲಿನಿಂದ ನೆಲವನ್ನು ತಡವಿ, ಒತ್ತಿ, ಭಾರ ಹಾಕುತ್ತಿದ್ದಳು. ಸದ್ದೇ ಇಲ್ಲದ ನಡಿಗೆ. ಅವ್ವ ಬೆನ್ನ ಹಿಂದೆ ಬಂದು ನಿಂತರೂ ಗೊತ್ತಾಗುತ್ತಿರಲಿಲ್ಲ. ಮನೆಯಲ್ಲಿ ಅವ್ವ ಇದ್ದಳು, ಅವ್ವನ ಸದ್ದು ಇರಲಿಲ್ಲ.

ಕೆಲವು ದಿನಗಳ ಮೇಲೆ, ರೊಟ್ಟಿ ಬಡಿಯುತ್ತ ಅವಳು ಕೇಳಿದಳು. "ಅತ್ತಿ, ನಾ ಈ ಮನಿಗೆ ಬಂದು ಇಷ್ಟ ವರ್ಷಾತು. ಅಂಗಳದಾಗ ಹಗೇವ ಅದ ಅಂತ ಒಂದ ದಿನನೂ ನನಗ ಹೇಳಲಿಲ್ಲಲ್ಲ?"

ಹೇಳುವ ರೂಢಿಯೇ ಇರಲಿಲ್ಲ. ಹಗೇವಿನ ಜಾಗ ಮನೆಯ ಗುಟ್ಟು. ಲೂಟಿ, ದಂಗೆಗಳ ಕಾಲದಲ್ಲಿ ಹುಟ್ಟಿದ ಗುಟ್ಟು. ಅತ್ತೆ ಮನೆಯ ಯಜಮಾನಿಕೆ ಬಿಟ್ಟುಕೊಡುವ ದಿನ ಸೊಸೆಯನ್ನು ಕರೆದು ಕಿವಿಯಲ್ಲಿ ಹೇಳುತ್ತಿದ್ದಳು, ಅಷ್ಟೇ. ಗಂಡಸರಿಗೆ ಹೇಳಿದರೆ ಊರಿಗೆ ಗೊತ್ತಾಗುತ್ತದೆಂದು ಅವರಿಗೂ ಇಲ್ಲ. ಅಷ್ಟರಲ್ಲಿ ಕಾಲುವೆ ಬಂತು. ಮನೆಗೆ ಅಕ್ಕಿ ಬಂತು. ಗುಟ್ಟಿಗೆ ಬೆಲೆ ಉಳಿಯಲಿಲ್ಲ. ಬೆಲೆಯಿಲ್ಲದ್ದನ್ನು ಹೇಳಲು ಆಯಿಗೆ ನೆನಪಾಗಲಿಲ್ಲ.

"ಜ್ವಾಳ ಇಲ್ಲದ ತೆಗ್ಗಿನ ಸುದ್ದಿ ಹೇಳಿ ಏನ ಮಾಡೂದಿತ್ತವ್ವ?" ಎಂದಳು ಆಯಿ. ಆಮೇಲೆ, "ಇನ್ನೊಂದು ಅದ" ಎಂದಳು.

ಅವ್ವನ ಕೈ ರೊಟ್ಟಿಯ ಮೇಲೇ ನಿಂತಿತು. "ಎಲ್ಲದ?"

"ನಾ ನೋಡಿಲ್ಲ. ನಮ್ಮತ್ತಿ ಹೇಳಿದ್ದು. ತಲಿಬಾಗಲ ಹೊಸ್ತಿಲದಿಂದ ಸೀದಾ ನಡಿ, ಎಡಕ್ಕ ಬಾವಿ ಕಾಣ್ತದ, ಅಲ್ಲಿ ನಿಂದ್ರು ಅಂದಿದ್ಲು. ನಾ ಬರೂದಕ್ಕೂ ಮೊದಲ ತುಂಬಿ ಮುಚ್ಚಿದ್ದಂತ ಅದು. ಬರ ಬಿದ್ದು ಸಜ್ಜಿ ಅಂಬಲಿ ಕುಡದ ವರ್ಷನೂ ನಾ ಅದಕ್ಕ ಕೈ ಹಚ್ಚಲಿಲ್ಲ. ಇನ್ನೊಂದು ಅದಲ್ಲ, ಯಾಕ ಅಂಜಬೇಕು ಅಂತ ಮಕ್ಕೋತಿದ್ದೆ."

ಅವತ್ತೇ ಅಪ್ಪ ಹೊಸ್ತಿಲಿನಿಂದ ಸೀದಾ ನಡೆದ. ಬಾವಿ ಬಲಕ್ಕೆ ಬಂತು. ಆಯಿ ನಡೆದಳು. ಆಗಲೂ ಬಲಕ್ಕೇ ಬಂತು. ಅವಳು ಅಂಗಳದ ನಡುವೆ ನಿಂತು ಎಡಗೈ ಒಮ್ಮೆ, ಬಲಗೈ ಒಮ್ಮೆ ನೋಡಿಕೊಂಡಳು. "ನಮ್ಮತ್ತಿ ಎಡಚಿ ಇದ್ಲೇನೋ" ಎಂದಳು. ಯಾರೂ ನಗಲಿಲ್ಲ. ಅಪ್ಪ ಅಲ್ಲಿ ಅಗೆದ, ಇಲ್ಲಿ ಅಗೆದ. ಕರಿಮಣ್ಣು, ಕೆಸರು, ಮತ್ತೆ ಕೆಸರು. ಆಯಿ ಒನಕೆ ಹಿಡಿದು ಅಂಗಳವನ್ನು ಕುಟ್ಟುತ್ತ ಹೊರಟಳು. ಟೊಳ್ಳಿದ್ದರೆ ನೆಲ ಗುಂಯ್ ಎನ್ನುತ್ತದಂತೆ. ಆದರೆ ಕಾಲುವೆಯ ತೇವ ಹೊಕ್ಕ ನೆಲ ಎಲ್ಲಿ ಕುಟ್ಟಿದರೂ ಒಂದೇ ಸದ್ದು ಮಾಡುತ್ತಿತ್ತು, ಹಿಟ್ಟಿನ ಮುದ್ದೆಗೆ ಗುದ್ದಿದ ಹಾಗೆ.

ಅವ್ವ ಕಲ್ಲಿನ ಕಟ್ಟೆಯ ಮೇಲೆ ಮಲಗಲು ಶುರು ಮಾಡಿದಳು. ಸೆರಗಿನ ತುದಿಯನ್ನು ಕಂಬಕ್ಕೆ ಗಂಟು ಹಾಕಿಕೊಂಡು ಮಲಗುತ್ತಿದ್ದಳು. ನಾವು ಮಗ್ಗಲು ಬದಲಿಸಿದರೆ ಸಾಕು, ಎದ್ದು ಕೂತು ನಮ್ಮನ್ನು ಒಬ್ಬೊಬ್ಬರನ್ನಾಗಿ ಕರೆಯುತ್ತಿದ್ದಳು. ನಾವು ಓಗೊಡಬೇಕಿತ್ತು. ಹೀಗೆ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲದಂತಾಯಿತು. ಕೊನೆಗೆ ಅಪ್ಪ ಅವಳನ್ನು ತವರಿಗೆ, ವನದುರ್ಗಕ್ಕೆ ಕಳಿಸಿದ. ಹೊರಡುವಾಗ ಅವಳು ನನ್ನ ಕೆನ್ನೆ ಹಿಡಿದು ಹೇಳಿದಳು, "ಅಲ್ಲಿ ನೆಲ ಅಂದ್ರ ಬರೇ ಬಂಡೆಗಲ್ಲು ಅದವ್ವ. ಅದು ಎಲ್ಲೂ ಹೋಗೂದಿಲ್ಲ. ನಿಮ್ಮಪ್ಪ ಇನ್ನೊಂದನ್ನ ಹುಡುಕಿ ಮುಚ್ಚಿದ ದಿನ ನಾ ಬರ್ತೀನಿ."

ಆ ತಿಂಗಳುಗಳು ಹೇಗಿದ್ದವು ಎಂದು ಬರೆಯಲು ಕೂತರೆ ಬರೀ ಸಣ್ಣ ಸಣ್ಣ ವಸ್ತುಗಳು ನೆನಪಾಗುತ್ತವೆ. ಗೂಟಕ್ಕೆ ತೂಗುತ್ತಿದ್ದ ಅವಳ ಹಳೆಯ ಸೀರೆ. ನನ್ನ ಕೈಗೆ ಹಾಲು ಬಿಡದ ಎಮ್ಮೆ. ನಾನು ಬಡಿದ ರೊಟ್ಟಿಯನ್ನು ಆಯಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು. "ಇದು ಬಿ.ಎ. ರೊಟ್ಟಿ. ಓದಲಿಕ್ಕ ಬರ್ತದ, ತಿನ್ನಲಿಕ್ಕ ಬರಂಗಿಲ್ಲ" ಎನ್ನುತ್ತಿದ್ದಳು. ಮರುಕ್ಷಣ ಓಣಿಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ಅತ್ತೆ ಸೊಸೆ ದಿನಕ್ಕೊಂದು ಜಗಳ ಆಡಿದವರು, ಉಪ್ಪು ಹೆಚ್ಚಾಯಿತೆಂದು, ಸಗಣಿ ಕಡಿಮೆಯಾಯಿತೆಂದು. ಒಂದು ಸಂಜೆ ಕಾಕಿ ಕೇಳಿದಳು, "ಯಾಕ ಅತ್ಯಮ್ಮ, ಬಾಯಿ ಬಿದ್ದು ಹೋಗ್ಯಾದೇನ?" ಆಯಿ ಹೇಳಿದಳು, "ಯಾರ ಜೋಡಿ ಮಾತಾಡ್ಲಿ? ಈ ಹುಡುಗಿ ಎಲ್ಲದಕ್ಕೂ ಹೂಂ ಅಂತದ. ತಿರುಗಿ ಬೈಯಾಕಿ ಬೇಕು ಮನ್ಯಾಗ."

ನಾನು ಒಮ್ಮೆ ವನದುರ್ಗಕ್ಕೆ ಹೋಗಿದ್ದೆ. ಕೋಟೆಯ ಕೆಳಗೆ ಬಂಡೆಗೆ ಆತುಕೊಂಡಿದ್ದ ಮನೆ. ಅವ್ವ ಅಲ್ಲಿ ತಕ್ಕಮಟ್ಟಿಗೆ ಸದ್ದು ಮಾಡಿಯೇ ನಡೆಯುತ್ತಿದ್ದಳು. ನನಗೆ ಸಂತೋಷವಾಗಬೇಕಿತ್ತು, ಹೊಟ್ಟೆಕಿಚ್ಚಾಯಿತು, ಆ ಬಂಡೆಯ ಮೇಲೆ. "ನಿದ್ದಿ ಬರ್ತದೇನವ್ವ?" ಎಂದೆ. "ಬರ್ತದ. ಬಂದ ಕೂಡಲೆ ನೀವು ಅಲ್ಲಿ ಮಲಗೀರಿ ಅನ್ನೂದು ನೆನಪಾಗ್ತದ" ಎಂದಳು. ಬಸ್ಸಿಗೆ ಹತ್ತಿಸುವಾಗ ಎಂದೂ ಹೇಳದ ಮಾತೊಂದನ್ನು ಹೇಳಿದಳು, "ನೆಲ ನೋಡಕೋತ ನಡಿ." ಅವಳ ಬಾಯಿಂದ ಅದು ಬಂದದ್ದು ನನಗೆ ಇಡೀ ದಾರಿ ಅಳು ತರಿಸಿತು.

ಎಳ್ಳಮಾಸಿ, ಅಂದರೆ ಹೊಲದ ಪೂಜೆಯ ಎಳ್ಳಮಾವಾಸ್ಯೆ, ಬಂತು. ಅಷ್ಟರಲ್ಲಿ ಭತ್ತ ಕೊಯ್ದು ಕಾಲುವೆಯ ನೀರನ್ನೂ ನಿಲ್ಲಿಸಿದ್ದರು. ಅಂಗಳ ಒಣಗಿ ಬಿರುಕು ಬಿಟ್ಟಿತ್ತು. ಹಬ್ಬದ ದಿನ ಹೊಲಕ್ಕೆ ಹೋಗುವಾಗ ಕಾಳು-ಸೊಪ್ಪಿನ ಭಜ್ಜಿ ಕಟ್ಟಿಕೊಡಲೆಂದು ಅವ್ವ ಬಂದಳು, ಸಂಜೆಯ ಬಸ್ಸಿಗೇ ಹಿಂದಿರುಗುತ್ತೇನೆಂದು ಹೇಳಿಕೊಂಡೇ ಬಂದಳು. ಅವಳು ಕಾಲುವೆ ರಸ್ತೆಯಿಂದ ಬರಲಿಲ್ಲ. ನಮ್ಮ ಮನೆಯ ಪಕ್ಕಕ್ಕೆ ಫರಸಿ ಹಾಸಿದ ಹಳೆಯ ಓಣಿಯೊಂದಿದೆ. ಕಲ್ಲಿನ ದಾರಿ ಎಂಬ ಭರವಸೆಗೆ ಅದರಲ್ಲಿ ಬಂದಳು. ಬಂದವಳು ನಮ್ಮ ಅಂಗಳದ ಗೋಡೆಯ ಹೊರಗೆ ನಿಂತುಬಿಟ್ಟಳು.

"ಒಳಗ ಬಾ, ಯಾಕ ನಿಂತಿ?" ಎಂದು ಅಪ್ಪ ಕರೆದ.

"ಅತ್ತಿ" ಎಂದು ಕೂಗಿದಳು ಅವ್ವ, ಗೋಡೆಯ ಆಚೆಯಿಂದ. "ನಾ ಮದಿವ್ಯಾಗಿ ಬಂದಾಗ ಸೇರು ಒದ್ದು ಒಳಗ ಬಂದಿದ್ದು ಇಲ್ಲಿಂದ ಅಲ್ಲೇನು?"

ಆಗ ನಾವೆಲ್ಲ ಆ ಗೋಡೆ ನೋಡಿದೆವು. ಅಲ್ಲೊಂದು ಕಡೆ ಕಲ್ಲಿನ ಸಾಲು ಬೇರೆ, ಮಣ್ಣಿನ ಬಣ್ಣ ಬೇರೆ. ನಾನು ಚಿಕ್ಕವಳಿದ್ದಾಗ ಕಾಲುವೆ ರಸ್ತೆ ಬಂತು. ಬಂಡಿ ಸಲೀಸಾಗಿ ಒಳಬರಲಿ ಎಂದು ಅಪ್ಪ ಹಳೆಯ ತಲೆಬಾಗಿಲು ಮುಚ್ಚಿ ರಸ್ತೆಯ ಕಡೆ ಹೊಸದು ಇಡಿಸಿದ್ದ. ಮುಚ್ಚಿದ ಜಾಗದಲ್ಲಿ ನಾವು ದಿನವೂ ಮೊರ ತೂಗುಹಾಕುತ್ತಿದ್ದೆವು. ಆಯಿಯ ಅತ್ತೆ ಹೇಳಿದ ಮಾತು ಹಾಗೇ ಇತ್ತು, ಹೊಸ್ತಿಲು ಮಾತ್ರ ಬೇರೆ ಕಡೆ ಹೋಗಿತ್ತು. ಇಷ್ಟು ತಿಂಗಳು ನಾವೆಲ್ಲ ಕಾಲುವೆಯ ಬಾಗಿಲಿನಿಂದ ಜೋಳದ ಗುಂಡಿ ಹುಡುಕಿದ್ದೆವು.

ಆಯಿ ಒನಕೆ ಎತ್ತಿಕೊಂಡಳು. ಮೊರದ ಕೆಳಗೆ ಬೆನ್ನು ಹಚ್ಚಿ ನಿಂತು ಸೀದಾ ನಡೆದಳು. ಕೊಟ್ಟಿಗೆಯ ಮೂಲೆ ದಾಟುತ್ತಲೇ ಎಡಕ್ಕೆ ಬಾವಿ ಕಂಡಿತು. ನಿಂತಳು. ಎಮ್ಮೆ ಕಟ್ಟುವ ಗೂಟದ ಪಕ್ಕ, ಅವ್ವ ದಿನಾ ಬೆಳಿಗ್ಗೆ ಕುಕ್ಕರುಗಾಲಲ್ಲಿ ಕೂತು ಹಾಲು ಹಿಂಡುತ್ತಿದ್ದ ಜಾಗ. ಒನಕೆ ಎತ್ತಿ ಕುಟ್ಟಿದಳು.

ನೆಲ ಗುಂಯ್ ಎಂದಿತು.

ಗೋಡೆಯ ಆಚೆ ನಿಂತಿದ್ದ ಅವ್ವನಿಗೂ ಕೇಳಿಸಿತು. "ಯವ್ವಾ" ಎಂದಳು. ಅವತ್ತು ಸಂಜೆಯ ಬಸ್ಸಿಗೆ ಅವಳು ಹೋಗಲಿಲ್ಲ.

ಅಪ್ಪ ನಿಚ್ಚಣಿಕೆ ಅಡ್ಡ ಹಾಕಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಮಣ್ಣು ಸರಿಸಿ ಚಪ್ಪಡಿ ಎತ್ತಿದ. ಹಗೇವಿನ ಕೆಟ್ಟ ಗಾಳಿ ಆಳನ್ನು ಕೊಲ್ಲುತ್ತದೆ. ಆಯಿ ದಾರಕ್ಕೆ ಕಟ್ಟಿ ದೀಪ ಇಳಿಸಿದಳು. ಆರಿತು. ಬಾಯಿ ತೆರೆದೇ ಬಿಟ್ಟು, ಸುತ್ತ ಮುಳ್ಳು ಹಚ್ಚಿದೆವು. ಮರುದಿನ ಇಳಿಸಿದ ದೀಪ ಉರಿಯುತ್ತಲೇ ಹೋಯಿತು. ನಾವೆಲ್ಲ ನಿಚ್ಚಣಿಕೆಯ ಮೇಲೆ ಬಗ್ಗಿ ನೋಡಿದೆವು. ತಳದಲ್ಲಿ ಒಂದಿಷ್ಟು ಕಪ್ಪು ನೀರು, ಕೊಳೆತ ಹೊಟ್ಟು. ಒಂದು ಕಾಳು ಜೋಳವಿರಲಿಲ್ಲ. ಯಾವ ಕಾಲದಲ್ಲೋ, ಯಾರೋ ತೆಗೆದು ತಿಂದು, ಮತ್ತೆ ಮುಚ್ಚಿ ಸಾರಿಸಿಬಿಟ್ಟಿದ್ದರು.

ಆಯಿ ಬಹಳ ಹೊತ್ತು ನೋಡಿದಳು. ದೀಪದ ಬೆಳಕು ಕೆಳಗಿನಿಂದ ಅವಳ ಗಲ್ಲಕ್ಕೆ ಬೀಳುತ್ತಿತ್ತು.

"ಖಾಲಿ ಅದ" ಎಂದಳು. "ಇದರ ಮ್ಯಾಲ ಭರೋಸಾ ಇಟ್ಟು ನಾ ಜಲಮೆಲ್ಲಾ ನಿದ್ದಿ ಮಾಡೀನಲ್ಲೇ!"

"ಮತ್ತ ನಾ ಇದಕ್ಕ ಅಂಜಿ ನಿದ್ದಿ ಬಿಟ್ಟೀನಿ" ಎಂದಳು ಅವ್ವ.

ಅತ್ತೆ ಸೊಸೆ ಒಬ್ಬರನ್ನೊಬ್ಬರು ನೋಡಿಕೊಂಡರು. ಮೊದಲು ಯಾರು ನಕ್ಕರೋ ಗೊತ್ತಿಲ್ಲ. ಕಾಕಿ ಗೋಡೆಯ ಮೇಲಿಂದ, "ಏನ ಸಿಕ್ತು? ಬಂಗಾರ ಸಿಕ್ತೇನ? ನಮಗೂ ಪಾಲು ಇಡ್ರಿ" ಎಂದು ಕೂಗಿದ್ದೇ ಇಬ್ಬರೂ ಹೊಟ್ಟೆ ಹಿಡಿದುಕೊಂಡು ಕೂತರು. ಆಯಿ ನಕ್ಕೂ ನಕ್ಕೂ ಕೊನೆಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದು ಬರೀ ನಗೆಯ ನೀರಲ್ಲವೆಂದು ನನಗೆ ಅನಿಸಿತು. ಕಷ್ಟದ ವರ್ಷಗಳಲ್ಲೆಲ್ಲ ಅವಳ ತಲೆದಿಂಬಿನಡಿ ಇದ್ದದ್ದು ಅವತ್ತು ಹೋಯಿತು. ಇವತ್ತು ಆಯಿ ಇಲ್ಲ. ನನ್ನ ಅಡುಗೆಮನೆಯಲ್ಲಿ ತಿಂಗಳ ದಿನಸಿ ಇದೆ, ಕಂದೀಲಿದೆ, ಬಾಗಿಲ ಹಿಂದೆ ಉದ್ದನೆಯ ಹಗ್ಗವಿದೆ. ಮಳೆ ಶುರುವಾಗುವ ಮುಂಚೆ ಶಾಲೆಯ ಮಕ್ಕಳಿಗೆ, ನಿಮ್ಮ ಮನೆಯ ಮುದುಕಿಯರನ್ನು ಕೇಳಿ, ಹಗೇವು ಎಲ್ಲಿದೆ, ಹಳೆಯ ಬಾಗಿಲು ಎಲ್ಲಿತ್ತು ಎಂದು ಹೇಳಿಕೊಡುತ್ತೇನೆ. ಇಷ್ಟೆಲ್ಲ ಇದ್ದೂ "ಇನ್ನೊಂದು ಅದ, ಯಾಕ ಅಂಜಬೇಕು" ಎಂದು ಹೇಳುವ ಆ ದನಿ ಇಲ್ಲ.

ಗುಂಡಿಗೆ ಅಪ್ಪ ಬಂಡಿ ಬಂಡಿ ಮೊರಂ ತಂದು ಸುರಿದ. ಕಲ್ಲು ಹಾಕಿದೆವು, ಮಣ್ಣು ಹಾಕಿದೆವು, ಮತ್ತೆ ಕಲ್ಲು. ಭಾದ್ರಪದದಲ್ಲಿ ಅವ್ವ ಬಿದ್ದ, ಅಲ್ಲಿಯವರೆಗೆ ಮುಳ್ಳು ಹಚ್ಚಿಟ್ಟಿದ್ದ ಗುಂಡಿಯನ್ನೂ ಹಾಗೆಯೇ ತುಂಬಿದೆವು. ಕೊನೆಯ ಪದರಕ್ಕೆ ಅವ್ವ ಒನಕೆಯನ್ನು ಯಾರಿಗೂ ಕೊಡಲಿಲ್ಲ. ತಾನೇ ಕುಟ್ಟಿದಳು. ಕುಟ್ಟುವುದು, ನಿಲ್ಲಿಸಿ ಕಿವಿಗೊಡುವುದು, ಮತ್ತೆ ಕುಟ್ಟುವುದು. ಮುಂಗೈಯಲ್ಲಿ ಹಗ್ಗದ ಗಾಯದ ಗುರುತು ಇನ್ನೂ ಇತ್ತು. ಹೊತ್ತು ಮುಳುಗುವಾಗ ಆಯಿ, "ಸಾಕ ಬಿಡವ್ವ, ಭೂಮಿ ಆಚೀ ಕಡಿಂದ ಹೊರಗ ಬಂದೀತು" ಎಂದಳು. "ಹೇಳೂ ಮಾತ ಹೇಳದ ನನ್ನ ತೆಗ್ಗಿಗೆ ಕೆಡವೀರಿ, ಸುಮ್ಮ ಕೂಡ್ರಿ" ಎಂದಳು ಅವ್ವ. ಆಯಿ ಹಿಗ್ಗಿ ಹೀರೆಕಾಯಿಯಾದಳು. ಮನೆಯಲ್ಲಿ ತಿರುಗಿ ಬೈಯುವವರು ಬಂದಿದ್ದರು.

ಅವತ್ತು ಅವ್ವ ಕಟ್ಟೆಯ ಮೇಲೆ ಮಲಗಲಿಲ್ಲ. ಪಡಸಾಲೆಯಲ್ಲಿ ನಮ್ಮ ಸಾಲಿಗೆ ತನ್ನ ಕೌದಿ ಹಾಸಿದಳು. ಸೆರಗನ್ನು ಕಂಬಕ್ಕೆ ಕಟ್ಟಲಿಲ್ಲ. ಅದರ ತುದಿ ನನ್ನ ಕೈಯಲ್ಲಿತ್ತೆಂದು ಆಮೇಲೆ ಅವಳು ಹೇಳುತ್ತಿದ್ದಳು, ನನಗೆ ನೆನಪಿಲ್ಲ. ತಲೆ ಇಟ್ಟದ್ದಷ್ಟೇ ನೆನಪು.

ಎಚ್ಚರವಾದಾಗ ಬಿಸಿಲು ಎದುರು ಗೋಡೆಯ ಅರ್ಧಕ್ಕೆ ಇಳಿದಿತ್ತು. ಎಮ್ಮೆ ಕಟ್ಟಿದಲ್ಲೇ ಒದರುತ್ತಿತ್ತು. ಕಾಕಿ ಬಾಗಿಲು ಬಡಿಯುತ್ತಿದ್ದಳು: "ಏನ್ರೇ, ಎಲ್ಲಾರೂ ಕೂಡಿ ಸತ್ತೀರೇನ? ಎಮ್ಮಿ ಕೆಚ್ಚಲ ಹರಿಯಾಕತ್ತದ!" ಅಪ್ಪ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಆಯಿ ಗೋಡೆಗೆ ಮುಖ ಮಾಡಿ ಮಗುವಿನಂತೆ ಮುದುಡಿದ್ದಳು. ಅವ್ವ ಧಡಕ್ಕನೆ ಎದ್ದು, "ಅಯ್ಯ ನನ್ನ ಶಿವನೆ, ಒಬ್ಬರಾದ್ರೂ ಎಬ್ಬಿಸಬಾರದೇನ" ಎಂದು ನಮ್ಮನ್ನೆಲ್ಲ ಬೈಯುತ್ತ, ಚರಗಿ ಎತ್ತಿಕೊಂಡು ಹೊರಗೆ ಓಡಿದಳು. ಹಿಮ್ಮಡಿಯ ಸದ್ದು ಕೇಳಿಸಿತು. ನಾನು ಕೌದಿಯೊಳಗಿಂದಲೇ ತಲೆ ಎತ್ತಿ ನೋಡಿದೆ. ಅರ್ಧ ಅಂಗಳ ದಾಟುವ ತನಕ ಅವಳು ನೆಲ ನೋಡಲಿಲ್ಲ.